ಪವಿತ್ರ ಗ್ರಂಥದಲ್ಲಿ ದೇವರ ಕೋಪ: ಅದು ಯಾರ ಕೋಪ?

ಅದು ತಪಸ್ಸುಕಾಲದ ಒಂದು ಸಂಜೆ. ನಾನು ಗುರುದೀಕ್ಷೆ ಪಡೆದು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಮಲೆನಾಡಿನ ಒಂದು ಸಣ್ಣ ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ಪಶ್ಚಾತ್ತಾಪದ ಕುರಿತು ಪ್ರಬೋಧನೆ ನೀಡಬೇಕಾಗಿದ್ದುದರಿಂದ ಸಮುವೇಲನ ಎರಡನೆಯ ಗ್ರಂಥದ ಹನ್ನೆರಡನೆಯ ಅಧ್ಯಾಯವನ್ನು ಆರಿಸಿಕೊಂಡೆ. ಅರಸ ದಾವೀದನು ಊರೀಯನ ಹೆಂಡತಿಯನ್ನು ತನ್ನವಳಾಗಿಸಿಕೊಂಡು, ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಕೊಲ್ಲಿಸಿದ ಪ್ರಸಂಗ ನಿಮಗೆ ತಿಳಿದೇ ಇದೆ. ಪ್ರವಾದಿ ನಾತಾನನು ಬಡವನ ಕುರಿಮರಿಯ ಕಥೆಯನ್ನು ಹೇಳಿ ಅರಸನ ಕಣ್ಣು ತೆರೆಸುತ್ತಾನೆ. ದಾವೀದ ತಪ್ಪೊಪ್ಪಿಕೊಳ್ಳುತ್ತಾನೆ. ಆದರೂ ಅವನಿಗೆ ಹುಟ್ಟಿದ ಮಗುವನ್ನು ದೇವರು ರೋಗಕ್ಕೆ ಗುರಿಮಾಡಿದರೆಂದೂ ಏಳನೆಯ ದಿನ ಅದು ಸತ್ತಿತೆಂದೂ ಗ್ರಂಥ ಹೇಳುತ್ತದೆ. ಪಾಪದ ಬೆಂಕಿ ಪಾಪಿಯನ್ನಷ್ಟೇ ಅಲ್ಲ, ಅವನ ಮನೆಯ ತೊಟ್ಟಿಲನ್ನೂ ಸುಡುತ್ತದೆ ಎಂದು ನಾನು ಏರುದನಿಯಲ್ಲಿ ಸಾರಿದೆ. ಜನರು ಉಸಿರು ಬಿಗಿಹಿಡಿದು ಕೇಳಿದರು. ಆ ಮೌನವನ್ನು ನನ್ನ ವಾಕ್ಚಾತುರ್ಯಕ್ಕೆ ಸಂದ ಗೌರವವೆಂದೇ ತಿಳಿದೆ.

ಪೂಜೆ ಮುಗಿದು ನಾನು ಪೂಜಾವಸ್ತ್ರ ಕಳಚುತ್ತಿದ್ದಾಗ ಪಕ್ಕದ ಬಾಗಿಲಲ್ಲಿ ಒಬ್ಬ ತಾಯಿ ಬಂದು ನಿಂತರು. ಹಿಂದಿನ ಮಳೆಗಾಲದಲ್ಲಿ ಅವರ ಮೂರು ವರ್ಷದ ಮಗ ಜ್ವರದಿಂದ ತೀರಿಹೋಗಿದ್ದ. "ಸ್ವಾಮಿ, ನಮ್ಮ ಹುಡುಗ ಹೋಗಿದ್ದು ಯಾರ ಪಾಪಕ್ಕೆ? ನನ್ನದಕ್ಕಾ, ಅವರಪ್ಪನದಕ್ಕಾ?" ಎಂದು ಕೇಳಿದರು. "ದೇವರ ಚಿತ್ತ ಅಗಾಧವಾದುದಮ್ಮ, ಪ್ರಾರ್ಥನೆ ಮಾಡಿ" ಎಂದು ಹೇಳಿ ಕಳುಹಿಸಿದೆ. ನನ್ನ ಉತ್ತರದಲ್ಲಿ ದೈವಶಾಸ್ತ್ರದ ತಪ್ಪೇನೂ ಇರಲಿಲ್ಲ, ಕರುಣೆಯೂ ಇರಲಿಲ್ಲ. ಆ ಭಾನುವಾರದಿಂದ ಆಕೆ ಕೊನೆಯ ಸಾಲಿನಲ್ಲಿ ತಲೆತಗ್ಗಿಸಿ ಕುಳಿತುಬಿಡುತ್ತಿದ್ದರು. ಪರಮಪ್ರಸಾದ ಸ್ವೀಕರಿಸಲು ಮುಂದೆ ಬರುವುದನ್ನು ಬಿಟ್ಟರು.

ಇದನ್ನು ಗಮನಿಸಿದವರು ನಾನಲ್ಲ, ನಮ್ಮ ಹಿರಿಯ ಗುರುಗಳು. ಕಾರಣ ತಿಳಿದ ಮೇಲೆ ಅವರು ನನ್ನನ್ನು ಗದರಿಸಲಿಲ್ಲ. "ಯೊವಾನ್ನನ ಒಂಬತ್ತನೆಯ ಅಧ್ಯಾಯ ತೆಗೆದುಕೊಂಡು ಆ ಮನೆಗೆ ಹೋಗಿ ಬಾ" ಎಂದಷ್ಟೇ ಹೇಳಿದರು. ಹೋದೆ. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದು ಇವನ ಪಾಪದ ಫಲವೋ ಹೆತ್ತವರ ಪಾಪದ ಫಲವೋ ಎಂದು ಕೇಳಿದಾಗ, ಯೇಸುಸ್ವಾಮಿ ಎರಡನ್ನೂ ಅಲ್ಲಗಳೆದ ಭಾಗವನ್ನು ಓದಿದೆ. ಅಂದು ನಾನು ಹೇಳಿದ್ದು ತಪ್ಪೆಂದು ಒಪ್ಪಿಕೊಂಡೆ. ಆ ತಾಯಿ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅವತ್ತು ಓದಿದ್ದು ಬೈಬಲ್ ಅಲ್ವಾ ಸ್ವಾಮಿ?" ಎಂದರು.

ನಾನು ಗುರುಮಠದಲ್ಲಿ ಬರೆದ ಯಾವ ಪರೀಕ್ಷೆಯಲ್ಲೂ ಇಷ್ಟು ಕಠಿಣವಾದ ಪ್ರಶ್ನೆ ಬಂದಿರಲಿಲ್ಲ. ಇಂದಿನ ಈ ಲೇಖನ ಆ ಪ್ರಶ್ನೆಗೆ ತಡವಾಗಿ ಬರೆದ ಉತ್ತರ.

ಮರೆಮಾಚಲಾಗದ ಪುಟಗಳು

ಪ್ರಿಯ ಓದುಗರೇ, ಮೊದಲು ಇರುವುದನ್ನು ಇದ್ದಂತೆ ಒಪ್ಪಿಕೊಳ್ಳೋಣ. ಪವಿತ್ರ ಗ್ರಂಥದ ಹಲವು ಪುಟಗಳಲ್ಲಿ ದೇವರು ನಮ್ಮ ನಿಮ್ಮಂತೆಯೇ ಕಾಣಿಸಿಕೊಳ್ಳುತ್ತಾರೆ. ಆದಿಕಾಂಡದ ಆರನೆಯ ಅಧ್ಯಾಯದಲ್ಲಿ ಮನುಷ್ಯನನ್ನು ಸೃಷ್ಟಿಸಿದ್ದಕ್ಕಾಗಿ ಅವರು ನೊಂದುಕೊಳ್ಳುತ್ತಾರೆ. ವಿಮೋಚನಾಕಾಂಡದ ಮೂವತ್ತೆರಡನೆಯ ಅಧ್ಯಾಯದಲ್ಲಿ, ಬಂಗಾರದ ಕರುವನ್ನು ಪೂಜಿಸಿದ ಜನರನ್ನು ನಿರ್ಮೂಲ ಮಾಡಲು ಹೊರಡುತ್ತಾರೆ. ಮೋಶೆ ಸಮಾಧಾನದ ಮಾತು ಹೇಳಿದ ಮೇಲೆ ಮನಸ್ಸು ಬದಲಿಸುತ್ತಾರೆ. ಸಮುವೇಲನ ಮೊದಲನೆಯ ಗ್ರಂಥದ ಹದಿನೈದನೆಯ ಅಧ್ಯಾಯ ಇನ್ನೂ ಕಠೋರವಾದುದು. ಅಮಾಲೇಕ್ಯರ ಮೊಲೆಗೂಸುಗಳನ್ನೂ ಉಳಿಸಬಾರದೆಂಬ ಆಜ್ಞೆ ಅಲ್ಲಿ ದೇವರ ಹೆಸರಿನಲ್ಲಿ ಬರುತ್ತದೆ. ಅದೇ ಅಧ್ಯಾಯದಲ್ಲಿ, ಸೌಲನನ್ನು ಅರಸನನ್ನಾಗಿ ಮಾಡಿದ್ದಕ್ಕೆ ದೇವರು ವಿಷಾದಪಟ್ಟರೆಂದು ಎರಡು ಸಲ ಹೇಳಲಾಗಿದೆ. ಅವೆರಡರ ನಡುವೆ, ಮನಸ್ಸು ಬದಲಿಸಲು ದೇವರೇನು ಮನುಷ್ಯರಲ್ಲ ಎಂದು ಸಮುವೇಲನೇ ನುಡಿಯುತ್ತಾನೆ.

ತತ್ತ್ವಶಾಸ್ತ್ರದ ತರಗತಿಯಲ್ಲಿ ನಮಗೆ ಬೋಧಿಸಿದ್ದು ಬೇರೆ. ದೇವರು ಪರಿಪೂರ್ಣರು, ಆದ್ದರಿಂದ ಅವಿಕಾರಿಗಳು; ಅವರಲ್ಲಿ ಇಂದು ಇಲ್ಲದ ಭಾವ ನಾಳೆ ಮೂಡುವುದಿಲ್ಲ. ಸಂತ ತೋಮಸ್ ಅಕ್ವಿನಾಸರು ಈ ತೊಡಕನ್ನು ನೇರವಾಗಿಯೇ ಎದುರಿಸಿದ್ದಾರೆ. ತಾನು ಮಾಡಿದ್ದಕ್ಕೆ ಪಶ್ಚಾತ್ತಾಪಪಡುವ ಮನುಷ್ಯ ಅದನ್ನು ಕೆಡವಿಹಾಕುತ್ತಾನೆ. ಜಲಪ್ರಳಯದಲ್ಲಿ ನಡೆದದ್ದೂ ಹಾಗೆ ಕಾಣುವುದರಿಂದ, ದೇವರು ಪಶ್ಚಾತ್ತಾಪಪಟ್ಟರೆಂದು ಗ್ರಂಥವು ರೂಪಕವಾಗಿ ಹೇಳುತ್ತದೆ ಎಂಬುದು ಅವರ ವಿವರಣೆ. ಕ್ರಿಸ್ತಪೂರ್ವ ಆರನೆಯ ಶತಮಾನದ ಗ್ರೀಕ್ ಚಿಂತಕ ಕ್ಸೆನೋಫನೀಸನಾದರೋ ಗೇಲಿಯನ್ನೇ ಮಾಡಿದ್ದ: ಕುದುರೆ ಸಿಂಹಗಳಿಗೆ ಚಿತ್ರ ಬರೆಯುವ ಕೈಗಳಿದ್ದಿದ್ದರೆ ಅವೂ ತಮ್ಮ ತಮ್ಮ ರೂಪದಲ್ಲೇ ದೇವರುಗಳನ್ನು ಚಿತ್ರಿಸುತ್ತಿದ್ದವು ಎಂಬುದು ಅವನ ಮಾತಿನ ತಾತ್ಪರ್ಯ. ಈ ಗೇಲಿಯಲ್ಲಿ ಸತ್ಯಾಂಶವಿಲ್ಲವೆನ್ನಲಾಗದು.

ಮೂಗು ಮತ್ತು ಕರುಳು

ಮನುಷ್ಯನ ಭಾಷೆ ಬಿಟ್ಟರೆ ದೇವರ ಬಗ್ಗೆ ಮಾತನಾಡಲು ನಮಗೆ ಬೇರೆ ಭಾಷೆಯಿಲ್ಲ. ಹೀಬ್ರೂ ಭಾಷೆಯಲ್ಲಿ ಕೋಪಕ್ಕೂ ಮೂಗಿಗೂ ಒಂದೇ ಪದ. ದೇವರು ದೀರ್ಘಶಾಂತರು ಎಂದು ನಾವು ಕನ್ನಡದಲ್ಲಿ ಓದುವ ಕಡೆ ಮೂಲದಲ್ಲಿರುವುದು, ಅಕ್ಷರಶಃ, ಅವರ ಮೂಗು ಉದ್ದ ಎಂಬ ನುಡಿಗಟ್ಟು. ಮೂಗಿನ ತುದಿಯಲ್ಲೇ ಕೋಪ ಎನ್ನುವ ನಮ್ಮ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂಗು ಉದ್ದವಾದಷ್ಟೂ ಕೋಪ ತುದಿಗೆ ಬರಲು ತಡವಾಗುತ್ತದೆ! ಹಾಗೆಯೇ ದೇವರ ಕರುಣೆಯನ್ನು ಸೂಚಿಸುವ ಹೀಬ್ರೂ ಪದ ತಾಯಿಯ ಗರ್ಭವೆಂಬ ಪದದೊಂದಿಗೆ ಬೆಸೆದುಕೊಂಡಿದೆ. ಹೆತ್ತ ಕರುಳು ಎಂದು ನಾವು ಹೇಳುವುದಿಲ್ಲವೇ, ಹಾಗೆ. ದೇವರಿಗೆ ಮೂಗೂ ಇಲ್ಲ, ಗರ್ಭವೂ ಇಲ್ಲ. ಆದರೆ ಈ ಮಾತುಗಳನ್ನೆಲ್ಲ ಕಿತ್ತುಹಾಕಿದರೆ ಉಳಿಯುವ ದೇವರನ್ನು ಪಾಠಪುಸ್ತಕದಲ್ಲಿ ವಿವರಿಸಬಹುದೇ ಹೊರತು ಕಣ್ಣೀರಿಡುತ್ತಾ ಕರೆಯಲು ಆಗುವುದಿಲ್ಲ.

ಆದರೆ ಇಷ್ಟರಿಂದಲೇ ಆ ತಾಯಿಯ ಪ್ರಶ್ನೆಗೆ ಉತ್ತರ ಸಿಗದು. ಮೂಗು ರೂಪಕ, ಅಮಾಲೇಕ್ಯರ ಕೂಸುಗಳು ರೂಪಕವಲ್ಲ. ದಾವೀದನ ಮಗುವೂ ರೂಪಕವಲ್ಲ. ಭಾಷೆ ಮಾನುಷವಾಗಿರುವುದು ಒಂದು ವಿಷಯ. ದೇವರ ನ್ಯಾಯದ ಬಗೆಗಿನ ತಿಳಿವಳಿಕೆಯೇ ಆ ಕಾಲದ ಮನುಷ್ಯನದಾಗಿರುವುದು ಇನ್ನೊಂದು ವಿಷಯ. ಗೆದ್ದರೆ ದೇವರು ಗೆಲ್ಲಿಸಿದರು, ಸೋತರೆ ದೇವರು ಸೋಲಿಸಿದರು, ಮಗು ಸತ್ತರೆ ದೇವರು ಹೊಡೆದರು ಎಂದು ಭಾವಿಸುವ ಜನರ ನಡುವೆ ಆ ಪುಟಗಳು ಹುಟ್ಟಿದವು. ದೈವಪ್ರೇರಣೆ ಎಂದರೆ ದೇವರು ಬರೆಯುವವನ ಕೈಹಿಡಿದು ಯಂತ್ರದಂತೆ ಬರೆಯಿಸುವುದಲ್ಲ. ಬರೆಯುವವನ ಕಾಲ, ಕೋಪ, ಶೋಕ, ಮಿತಿ ಎಲ್ಲವೂ ಆ ಬರಹದಲ್ಲಿ ಉಳಿಯುತ್ತವೆ.

ಗ್ರಂಥವೇ ಗ್ರಂಥವನ್ನು ತಿದ್ದುತ್ತದೆ

ಇಲ್ಲೊಂದು ಅದ್ಭುತವಿದೆ. ಈ ಮಿತಿಯನ್ನು ಮೊದಲು ಕಂಡುಹಿಡಿದವರು ಬೈಬಲಿನ ವಿರೋಧಿಗಳಲ್ಲ, ಬೈಬಲಿನ ಲೇಖಕರೇ.

ದಾವೀದನು ಜನಗಣತಿ ಮಾಡಿದ ಪ್ರಸಂಗವನ್ನು ನೋಡಿ. ಸಮುವೇಲನ ಎರಡನೆಯ ಗ್ರಂಥದ ಇಪ್ಪತ್ತನಾಲ್ಕನೆಯ ಅಧ್ಯಾಯದ ಪ್ರಕಾರ ಕೋಪಗೊಂಡ ಸರ್ವೇಶ್ವರನೇ ದಾವೀದನನ್ನು ಅದಕ್ಕೆ ಪ್ರೇರೇಪಿಸುತ್ತಾರೆ. ಅನಂತರ ಅದೇ ಗಣತಿಗಾಗಿ ಜನರ ಮೇಲೆ ವ್ಯಾಧಿಯನ್ನು ಕಳುಹಿಸುತ್ತಾರೆ. ಬಾಬಿಲೋನಿನ ಸೆರೆವಾಸದ ನಂತರ ಪೂರ್ವಕಾಲದ ವೃತ್ತಾಂತವನ್ನು ಬರೆದ ಲೇಖಕನಿಗೆ ಈ ಮಾತು ನುಂಗಲಾರದ ತುತ್ತಾಗಿರಬೇಕು. ಅದೇ ಪ್ರಸಂಗವನ್ನು ಅವನು ಮೊದಲನೆಯ ಗ್ರಂಥದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಮತ್ತೆ ಬರೆಯುವಾಗ, ದಾವೀದನನ್ನು ಪ್ರೇರೇಪಿಸಿದವನು ಸೈತಾನನೆಂದು ಬರೆದ. ಎರಡೂ ನಮ್ಮ ಪವಿತ್ರ ಗ್ರಂಥದಲ್ಲಿವೆ. ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸುವ ಕೆಲಸವನ್ನು ಯಾರೂ ಮಾಡಲಿಲ್ಲ.

ಹೆತ್ತವರ ಅಪರಾಧಕ್ಕಾಗಿ ಮಕ್ಕಳನ್ನು ಮೂರು ನಾಲ್ಕು ತಲೆಮಾರುಗಳವರೆಗೂ ದಂಡಿಸುವ ಮಾತು ವಿಮೋಚನಾಕಾಂಡದ ಇಪ್ಪತ್ತನೆಯ ಅಧ್ಯಾಯದಲ್ಲಿದೆ. ನಮ್ಮ ಎಷ್ಟೋ ಮನೆಗಳಲ್ಲಿ ಇಂದಿಗೂ ಭಯ ಹುಟ್ಟಿಸುವ ಮಾತಿದು. ಆದರೆ ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ, ನಾಡು ದೇವಾಲಯ ಎರಡನ್ನೂ ಕಳೆದುಕೊಂಡು ಬಾಬಿಲೋನಿನಲ್ಲಿದ್ದ ಜನರ ನಡುವೆ ಪ್ರವಾದಿ ಯೆಜೆಕಿಯೇಲ ಎದ್ದುನಿಂತ. ಹುಳಿದ್ರಾಕ್ಷಿ ತಿಂದವರು ಹೆತ್ತವರಾದರೂ ಹಲ್ಲು ಜುಮ್ಮೆನ್ನುವುದು ಮಕ್ಕಳಿಗೆ ಎಂಬ ಅರ್ಥದ ಗಾದೆಯೊಂದು ಆಗ ಜನರ ಬಾಯಲ್ಲಿತ್ತು. ಆ ಗಾದೆಯನ್ನು ಇನ್ನು ಯಾರೂ ಆಡಕೂಡದೆಂದೂ ತಂದೆಯ ಪಾಪಫಲವನ್ನು ಮಗ ಹೊರುವುದಿಲ್ಲವೆಂದೂ ಅವನು ದೇವರ ಹೆಸರಿನಲ್ಲೇ ಘೋಷಿಸಿದ. ಹದಿನೆಂಟನೆಯ ಅಧ್ಯಾಯವಿಡೀ ಅದೇ ವಿಷಯ.

ಇನ್ನೊಂದು ಉದಾಹರಣೆ. ಅಹಾಬನ ಮನೆತನವನ್ನು ಯೇಹು ಕೊಂದುಹಾಕಿದ್ದನ್ನು ಅರಸುಗಳ ಎರಡನೆಯ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ ದೇವರು ಮೆಚ್ಚಿಕೊಳ್ಳುತ್ತಾರೆ. ಪ್ರವಾದಿ ಹೊಶೇಯನ ಗ್ರಂಥದ ಮೊದಲ ಅಧ್ಯಾಯದಲ್ಲಿ ಆ ಜೆಸ್ರೀಲಿನ ರಕ್ತಪಾತಕ್ಕಾಗಿಯೇ ಯೇಹುವಿನ ವಂಶ ಲೆಕ್ಕ ಕೊಡಬೇಕಾಗುತ್ತದೆ. ಅದೇ ಹೊಶೇಯ ಹನ್ನೊಂದನೆಯ ಅಧ್ಯಾಯದಲ್ಲಿ ಮಗುವಿಗೆ ನಡೆಯಲು ಕಲಿಸಿದ ತಂದೆಯಂತೆ ದೇವರನ್ನು ಕಾಣುತ್ತಾನೆ. ಅಲ್ಲಿ ದೇವರು ತಮ್ಮ ಕೋಪವನ್ನು ತಡೆಹಿಡಿಯುತ್ತಾರೆ. ಅದಕ್ಕೆ ಕೊಡುವ ಕಾರಣ, ತಾವು ಮನುಷ್ಯರಲ್ಲ, ದೇವರು ಎಂಬುದೇ. ಗಮನಿಸಿ: ದೇವರು ಮನುಷ್ಯರಿಗಿಂತ ಭಿನ್ನರಾಗಿರುವುದು ಅವರ ಶಿಕ್ಷೆಯ ಬಲದಲ್ಲಲ್ಲ, ಕ್ಷಮೆಯ ಬಲದಲ್ಲಿ.

ಧರ್ಮಸಭೆ ಹಿಡಿದ ದಾರಿ

ಎರಡನೆಯ ಶತಮಾನದಲ್ಲಿ ಮಾರ್ಸಿಯೋನ್ ಎಂಬಾತ ಈ ಸಮಸ್ಯೆಗೆ ಸುಲಭದ ಪರಿಹಾರ ಹುಡುಕಿದ. ಹಳೆಯ ಒಡಂಬಡಿಕೆಯ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಎಂದು ವಾದಿಸಿ ಹಳೆಯ ಒಡಂಬಡಿಕೆಯನ್ನು ಪೂರ್ತಿಯಾಗಿ ತಿರಸ್ಕರಿಸಿದ. ಕತ್ತರಿಸಿದ ಲೂಕನ ಶುಭಸಂದೇಶವನ್ನೂ ಪೌಲನ ಹತ್ತು ಪತ್ರಗಳನ್ನೂ ಮಾತ್ರ ಇಟ್ಟುಕೊಂಡ. ಸುಮಾರು 144ರಲ್ಲಿ ರೋಮಿನ ಧರ್ಮಸಭೆ ಅವನನ್ನು ಹೊರಹಾಕಿತು. ಇಂದಿಗೂ ನಮ್ಮಲ್ಲಿ ಅನೇಕರು, ಹಳೆಯ ಒಡಂಬಡಿಕೆಯಲ್ಲಿ ಕೋಪದ ದೇವರು, ಹೊಸದರಲ್ಲಿ ಪ್ರೀತಿಯ ದೇವರು ಎಂದು ಸರಾಗವಾಗಿ ಹೇಳಿಬಿಡುತ್ತಾರೆ. ಇದು ತಿಳಿಯದೆಯೇ ಮಾರ್ಸಿಯೋನನ ಶಿಷ್ಯರಾದಂತೆ. ಯೆಹೂದ್ಯ ಸಹೋದರರಿಗೆ ಬಗೆದ ಅನ್ಯಾಯವೂ ಹೌದು. ಹೆತ್ತ ತಾಯಿ ಮರೆತರೂ ತಾವು ಮರೆಯೆವೆಂದು ದೇವರು ಅಭಯ ನೀಡುವುದು ಯೆಶಾಯನ ಗ್ರಂಥದಲ್ಲಿ. ಅನನೀಯ ಮತ್ತು ಸಫೈರ ಸತ್ತುಬೀಳುವ ಘೋರ ಪ್ರಸಂಗವಿರುವುದು ಹೊಸ ಒಡಂಬಡಿಕೆಯ ಪ್ರೇಷಿತರ ಕಾರ್ಯಕಲಾಪಗಳಲ್ಲಿ.

ಧರ್ಮಸಭೆ ಪುಟಗಳನ್ನು ಹರಿಯಲಿಲ್ಲ, ಓದುವುದನ್ನು ಕಲಿಸಿತು. ಮೂರನೆಯ ಶತಮಾನದ ಒರಿಜೆನ್, ತಂದೆಯೊಬ್ಬ ಎಳೆಯ ಮಗನೊಂದಿಗೆ ತೊದಲುನುಡಿಯಲ್ಲಿ ಮಾತನಾಡುವಂತೆ ದೇವರು ನಮ್ಮ ಮಟ್ಟಕ್ಕಿಳಿದು ಮಾತನಾಡುತ್ತಾರೆಂದು ವಿವರಿಸಿದ. ಹಳೆಯ ಒಡಂಬಡಿಕೆಯನ್ನು ಓದಿ ಮುಗ್ಗರಿಸಿದ್ದ ಅಗಸ್ಟೀನರಿಗೆ ಮಿಲಾನಿನಲ್ಲಿ ಸಂತ ಆಂಬ್ರೋಸರ ಪ್ರಬೋಧನೆಗಳು ದಾರಿ ತೋರಿದವು; 387ರಲ್ಲಿ ಅವರು ಸ್ನಾನದೀಕ್ಷೆ ಪಡೆದರು. ದೇವರ ಮೇಲಿನ ಮತ್ತು ನೆರೆಯವರ ಮೇಲಿನ ಪ್ರೀತಿಯನ್ನು ಬೆಳೆಸದ ವ್ಯಾಖ್ಯಾನ ಗ್ರಂಥವನ್ನು ಅರ್ಥಮಾಡಿಕೊಂಡ ವ್ಯಾಖ್ಯಾನವಲ್ಲ ಎಂಬ ಅಳತೆಗೋಲನ್ನು ಮುಂದೆ ಅವರೇ ನಮಗೆ ಕೊಟ್ಟರು.

ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್ 18ರಂದು ಹೊರಡಿಸಿದ ದೈವಪ್ರಕಟಣೆಯ ಶಾಸನದಲ್ಲಿ, ಹಳೆಯ ಒಡಂಬಡಿಕೆಯ ಗ್ರಂಥಗಳಲ್ಲಿ ಅಪೂರ್ಣವೂ ತಾತ್ಕಾಲಿಕವೂ ಆದ ಅಂಶಗಳಿವೆ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದೆ. ಅವುಗಳಲ್ಲೇ ದೇವರ ಬೋಧನಾಕ್ರಮ ಕಾಣುತ್ತದೆ ಎಂದೂ ಹೇಳಿದೆ. 1971ರಲ್ಲಿ ಪ್ರಕಟವಾದ ಧರ್ಮಸಭೆಯ ಪರಿಷ್ಕೃತ ದೈನಂದಿನ ಪ್ರಾರ್ಥನಾಗ್ರಂಥದಿಂದ ಶಾಪದ ಮಾತುಗಳಿರುವ 58, 83 ಮತ್ತು 109ನೆಯ ಕೀರ್ತನೆಗಳನ್ನು ಕೈಬಿಡಲಾಯಿತು. ಬೈಬಲಿನಿಂದ ಅಲ್ಲ, ಪ್ರಾರ್ಥನೆಯಿಂದ. 2010ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಬೈಬಲಿನ ಕತ್ತಲೆಯ ಭಾಗಗಳ ಕುರಿತು ಬರೆಯುತ್ತಾ, ಅವುಗಳನ್ನು ಕಡೆಗಣಿಸದೆ, ಕ್ರಿಸ್ತರ ಬೆಳಕಿನಲ್ಲಿ ಓದಲು ಕಲಿಸಬೇಕೆಂದು ಬೋಧಕರಿಗೆ ಸೂಚಿಸಿದರು.

ಕ್ರಿಸ್ತರ ಬೆಳಕು ಎಂದರೇನು? ಸಮಾರಿಯದ ಹಳ್ಳಿಯೊಂದು ತಮ್ಮನ್ನು ಬರಮಾಡಿಕೊಳ್ಳದಿದ್ದಾಗ ಯಾಕೋಬ ಯೊವಾನ್ನರು ಆಕಾಶದಿಂದ ಬೆಂಕಿ ಸುರಿಸಬೇಕೆಂದರು. ಪ್ರವಾದಿ ಎಲೀಯನ ನಿದರ್ಶನ ಅವರ ಬೆನ್ನಿಗಿತ್ತು. ಯೇಸುಸ್ವಾಮಿ ಅವರನ್ನೇ ಗದರಿಸಿದರು. ಸಿಲೋವದ ಗೋಪುರ ಕುಸಿದು ಹದಿನೆಂಟು ಜನ ಸತ್ತಾಗ, ಸತ್ತವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳಲ್ಲ ಎಂದರು. ಕೊನೆಗೆ ಶಿಲುಬೆಯ ಮೇಲೆ, ಕೊಲ್ಲುವವರಿಗಾಗಿಯೇ ಕ್ಷಮೆ ಬೇಡಿದರು. ದೇವರು ಹೇಗಿದ್ದಾರೆ ಎಂಬ ಪ್ರಶ್ನೆಗೆ ನಮಗಿರುವ ಪೂರ್ಣ ಉತ್ತರ ಅವರೇ. ಉಳಿದೆಲ್ಲ ಚಿತ್ರಗಳನ್ನೂ ಆ ಮುಖದ ಪಕ್ಕದಲ್ಲಿಟ್ಟು ನೋಡಬೇಕು.

ಕೋಪವನ್ನು ಎಸೆಯುವುದಲ್ಲ, ಅರಿಯುವುದು

ಹಾಗೆಂದು ದೇವರ ಕೋಪದ ಮಾತೆಲ್ಲ ಸುಳ್ಳೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಊರೀಯನ ಕೊಲೆಯನ್ನು ಕಂಡೂ ಕಾಣದಂತಿರುವ ದೇವರಿಂದ ಬಡವನಿಗೆ ಯಾವ ಸಾಂತ್ವನ? ಅರಸನಾದರೂ ಲೆಕ್ಕ ಕೊಡಬೇಕು ಎಂಬುದೇ ನಾತಾನನ ಕಥೆಯ ಹೃದಯ. ಆ ಸತ್ಯ ಇಂದಿಗೂ ಸತ್ಯ. ಬಲಹೀನರಿಗಾದ ಅನ್ಯಾಯವನ್ನು ಪ್ರೀತಿ ಸಹಿಸದು. ಆ ಸಹಿಸದಿರುವಿಕೆಗೆ ಗ್ರಂಥವಿಟ್ಟ ಹೆಸರು ಕೋಪ. ತಪ್ಪಾಗುವುದು, ಆ ಕೋಪವನ್ನು ನಮ್ಮ ಕೈಗೆ ತೆಗೆದುಕೊಂಡು ಅಳುತ್ತಿರುವವರ ಕಡೆಗೆ ತಿರುಗಿಸಿದಾಗ.

ನಾವು ಅದನ್ನೇ ಮಾಡುತ್ತೇವೆ. ಸುಳ್ಳು ಹೇಳಿದರೆ ದೇವರು ಕಣ್ಣು ಕೀಳುತ್ತಾರೆ ಎಂದು ಮಕ್ಕಳನ್ನು ಹೆದರಿಸುತ್ತೇವೆ. ಸಾವಿನ ಮನೆಯ ಜಗಲಿಯಲ್ಲಿ ಕುಳಿತು, ಮಾಡಿದ್ದುಣ್ಣೋ ಮಹಾರಾಯ ಎಂದು ಪಿಸುಗುಟ್ಟುತ್ತೇವೆ. ಮಕ್ಕಳಿಲ್ಲದ ಸೊಸೆಗೆ, ಅಂಗವಿಕಲ ಮಗುವಿನ ತಾಯಿಗೆ ದೇವರ ಶಿಕ್ಷೆಯ ಲೆಕ್ಕ ಹೇಳುತ್ತೇವೆ. ಬೈಬಲಿನ ಹಳೆಯ ಲೇಖಕನಿಗೆ ಕ್ಷಮೆಯಿದೆ. ಅವನು ಯೆಜೆಕಿಯೇಲನನ್ನು ಓದಿರಲಿಲ್ಲ, ಯೇಸುಸ್ವಾಮಿಯನ್ನು ಕಂಡಿರಲಿಲ್ಲ. ನಮಗೆ ಆ ನೆಪವಿಲ್ಲ.

ಆದ್ದರಿಂದ ಮನೆಯಲ್ಲಿ ಬೈಬಲ್ ಓದುವಾಗ ಕಠೋರವಾದ ಪುಟ ಬಂದರೆ ಹಾರಿಸಿಬಿಡಬೇಡಿ. ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಬರೆದವನು ಯಾವ ನೋವಿನಲ್ಲಿ, ಯಾವ ಕಾಲದಲ್ಲಿ ನಿಂತು ಹೀಗೆ ಬರೆದ? ಇದೇ ವಿಷಯದ ಕುರಿತು ಗ್ರಂಥವು ಮುಂದೆ ಮತ್ತೇನು ಹೇಳುತ್ತದೆ? ಯೇಸುಸ್ವಾಮಿ ಇಲ್ಲಿ ನಿಂತಿದ್ದರೆ ಯಾರ ಪಕ್ಕದಲ್ಲಿ ನಿಲ್ಲುತ್ತಿದ್ದರು? ಮಕ್ಕಳು ಪ್ರಶ್ನಿಸಿದರೆ ಬಾಯಿ ಮುಚ್ಚಿಸಬೇಡಿ. ಅಬ್ರಹಾಮನು ಸೊದೋಮಿನ ಸಲುವಾಗಿ ಐವತ್ತರಿಂದ ಹತ್ತಕ್ಕೆ ಇಳಿಯುವವರೆಗೂ ದೇವರೊಂದಿಗೆ ವಾದಿಸಿದ, ದೇವರು ಬೇಸರಿಸಲಿಲ್ಲ.

ಆ ತಾಯಿಗೆ ಅಂದು ನಾನು ಕೊಡಬೇಕಾಗಿದ್ದ ಉತ್ತರ ಇಷ್ಟು: "ಅದೂ ಬೈಬಲೇ ಅಮ್ಮ. ಆದರೆ ನಾನು ಅದನ್ನು ಪೂರ್ತಿ ಓದಲಿಲ್ಲ." ಮಗು ಸತ್ತ ಹದಿನೆಂಟನೆಯ ವಚನಕ್ಕೇ ನಾನು ಪುಸ್ತಕ ಮುಚ್ಚಿಬಿಟ್ಟಿದ್ದೆ. ಆ ಮಗುವಿಗಾಗಿ ದಾವೀದ ರಾತ್ರಿಯೆಲ್ಲ ನೆಲದ ಮೇಲೆ ಬಿದ್ದು ಉಪವಾಸ ಮಾಡಿ ದೇವರಲ್ಲಿ ಬೇಡಿಕೊಂಡದ್ದನ್ನು ಒಂದೇ ಉಸಿರಿನಲ್ಲಿ ಓದಿ ಮುಗಿಸಿದ್ದೆ. ಮಗು ತನ್ನ ಬಳಿಗೆ ಮರಳಿ ಬಾರದಿದ್ದರೂ ತಾನು ಅದರ ಬಳಿಗೆ ಹೋಗುವೆನೆಂದು ಅವನಾಡಿದ ಮಾತನ್ನು ಓದಲೇ ಇಲ್ಲ. ಇಪ್ಪತ್ತನಾಲ್ಕನೆಯ ವಚನದಲ್ಲಿ, ಮಗುವನ್ನು ಕಳೆದುಕೊಂಡ ಬತ್ಷೆಬೆಯನ್ನು ದಾವೀದ ಸಂತೈಸಿದನೆಂದು ಬರೆದಿದೆ. ಅಷ್ಟು ಹೊತ್ತೂ ಆ ತಾಯಿ ಆ ಕಥೆಯಲ್ಲೇ ಇದ್ದಳು. ನನ್ನ ಪ್ರಬೋಧನೆಯಲ್ಲಿ ಮಾತ್ರ ಇರಲಿಲ್ಲ.

ಆ ಧರ್ಮಕೇಂದ್ರದಿಂದ ನನಗೆ ವರ್ಗವಾಗುವ ಮುನ್ನ, ಒಂದು ಪಾಸ್ಖ ಹಬ್ಬದ ಬೆಳಗಿನ ಪೂಜೆಯಲ್ಲಿ ಆ ತಾಯಿ ಪರಮಪ್ರಸಾದದ ಸಾಲಿನಲ್ಲಿ ಬಂದು ನಿಂತರು. ನನ್ನ ಉತ್ತರದಿಂದಲ್ಲ ಎಂಬುದನ್ನು ಬಲ್ಲೆ. ತಮ್ಮ ಏಕೈಕ ಪುತ್ರರನ್ನು ಶಿಲುಬೆಯ ಮೇಲೆ ಕಂಡ ದೇವರು, ಮಕ್ಕಳನ್ನು ಕಳೆದುಕೊಂಡವರ ಸಾಲಿನಲ್ಲೇ ಇದ್ದಾರೆ. ಅವರೇ ಆಕೆಯನ್ನು ಕೈಹಿಡಿದು ಕರೆತಂದಿರಬೇಕು.